ಐದನೆಯ ಸಂಕ್ರಮಣದ ಬರ್ಗರ್

ಪ್ರಣೀತಾಳ ಬಾಯಿಗೆ ಬೀಗ ಹಾಕಿದವಳು ಅವಳ ಅಮ್ಮ ಸುಗಂಧಿ. ಆ ಬೀಗ ತೆಗೆಯಬೇಕೆಂದು ಹೇಳಿದವರು ಮಣಿಪಾಲದ ಜೋಕಿಮ್ ಸರ್. ಇಬ್ಬರ ಉದ್ದೇಶವೂ ಒಂದೇ, ಹುಡುಗಿಗೊಂದು ಕೆಲಸ ಆಗಬೇಕು. ಆದರೆ ಬೀಗವೂ ಕೀಲಿಕೈಯೂ ಒಂದೇ ಶುಕ್ರವಾರ ಎದುರುಬದುರು ಬಂದು ನಿಂತದ್ದು ಅವಳ ಹಣೆಬರಹ.

ಎಂ.ಎ. ಮುಗಿಸಿ ಒಂದೂವರೆ ವರ್ಷ ಕಳೆದರೂ ಮಗಳು ಕಾರ್ಕಳ ಹತ್ತಿರದ ಕುಕ್ಕುಂದೂರಿನ ಮನೆಯ ಚಾವಡಿಯಲ್ಲಿ ಕೂತು ಡೈರಿ ಬರೆಯುವುದನ್ನು ಬಿಟ್ಟು ಬೇರೇನೂ ಮಾಡದ್ದನ್ನು ನೋಡಿ ಸುಗಂಧಿ ಒಂದು ಹರಕೆ ಹೊತ್ತಿದ್ದಳು. ಐದು ತಿಂಗಳು ಸಂಕ್ರಮಣದ ದಿನ ಮಗಳು ಮೀನು ಮಾಂಸ ಬಾಯಿಗೆ ಹಾಕುವುದಿಲ್ಲ, ಅವಳಿಗೊಂದು ಕೆಲಸ ಆಗಲಿ ಎಂದು. ಹರಕೆ ಅಮ್ಮನದ್ದು, ನಾಲಗೆ ಮಗಳದ್ದು. ನಾಲ್ಕು ಸಂಕ್ರಮಣ ತೊಂಡೆಕಾಯಿ ಪಲ್ಯದಲ್ಲಿ ಕಳೆದವು. ಐದನೆಯದು ಈ ಶುಕ್ರವಾರ.

ಗುರುವಾರ ಸಂಜೆ ಜೋಕಿಮ್ ಸರ್ ಫೋನ್ ಮಾಡಿದರು. ಮಣಿಪಾಲದಲ್ಲಿ ಒಂದು ಕೋಣೆಯ ಆಫೀಸಿನಲ್ಲಿ ಕೂತು 'ಕರಾವಳಿ ಕೈರುಚಿ' ಎಂಬ ಇಂಟರ್ನೆಟ್ ಪತ್ರಿಕೆ ನಡೆಸುವವರು ಅವರು. ಎರಡು ತಿಂಗಳ ಹಿಂದೆ ಪ್ರಣೀತಾ ಕಳಿಸಿದ್ದ ಅರ್ಜಿ ಈಗ ಅವರ ಕಣ್ಣಿಗೆ ಬಿದ್ದಿತ್ತು.

"ನೋಡಿ, ಬಸ್ ಸ್ಟಾಪಿನ ಎದುರು ಎರಡು ಬರ್ಗರ್ ಅಂಗಡಿ ಉಂಟು. ಬಿಗ್ ಬನ್, ಟಾಪ್ ಬೈಟ್. ಒಬ್ಬರನ್ನು ಕಂಡರೆ ಒಬ್ಬರಿಗಾಗುವುದಿಲ್ಲ. ಇಬ್ಬರದ್ದೂ ಕೋಳಿ ಬರ್ಗರ್ ತಿಂದು ಯಾವುದು ಒಳ್ಳೆಯದು ಅಂತ ನಾನೂರು ಪದ ಬರೆದು ತನ್ನಿ. ಫೋಟೋ ಬೇಕು. ನಾಳೆ ಮೂರು ಗಂಟೆಗೆ. ಚೆನ್ನಾಗಿದ್ದರೆ ಸೋಮವಾರದಿಂದ ಕೆಲಸ. ಇಲ್ಲದಿದ್ದರೆ ಹೂಡೆಯ ಚೈತಾಲಿ ಅಂತ ಒಬ್ಬರು ಕಾಯುತ್ತಾ ಇದ್ದಾರೆ."

'ನಾಳೆ ಸಂಕ್ರಮಣ ಸರ್' ಎಂಬ ಮಾತು ಪ್ರಣೀತಾಳ ಗಂಟಲಿನವರೆಗೆ ಬಂದು, ಹೊರಗಿನ ಪ್ರಪಂಚ ನೋಡಿ ಹೆದರಿ, ವಾಪಸು ಹೋಯಿತು. "ಸರಿ ಸರ್" ಎಂದಳು.

ಅವಳದ್ದು ಯಾವಾಗಲೂ ಹಾಗೆಯೇ. ಬರೆ ಎಂದರೆ ಪುಟಗಟ್ಟಲೆ ಬರೆಯುವಳು, ಮಾತಾಡು ಎಂದರೆ ಬಾಯಿಯ ಪಸೆ ಆರುತ್ತಿತ್ತು. ಬಸ್ಸಿನಲ್ಲಿ 'ಇಳಿಯಲಿಕ್ಕುಂಟು' ಎನ್ನಲಾಗದೆ ಮುಂದಿನ ಸ್ಟಾಪಿನಲ್ಲಿ ಇಳಿದು ಹಿಂದೆ ನಡೆದು ಬಂದದ್ದು ಡೈರಿಯಲ್ಲಿ ಹನ್ನೊಂದು ಕಡೆ ದಾಖಲಾಗಿತ್ತು. ಈ ಕೆಲಸ ತಪ್ಪಿದರೆ ಉಳಿದಿರುವುದು ಕಾಪುವಿನ ಸುಕೇಶ್ ಮಾವನ ಫ್ಯಾನ್ಸಿ ಸ್ಟೋರ್. ಬಳೆಯ ವ್ಯಾಪಾರ ಇಳಿದಿದೆ, ಮಾವ ಏನೋ ಹೊಸ ಬೋರ್ಡು ಬರೆಸುತ್ತಿದ್ದಾನೆ ಎಂದು ಸುದ್ದಿ. ಬೋರ್ಡಿನಲ್ಲಿ ಏನೇ ಇರಲಿ, ಕೌಂಟರಿನಲ್ಲಿ ನಿಂತು ದಿನವಿಡೀ ಗುರುತಿಲ್ಲದವರ ಹತ್ತಿರ ಮಾತಾಡುವ ಯೋಚನೆಯೇ ಪ್ರಣೀತಾಳಿಗೆ ಚಳಿಜ್ವರ ಬರಿಸುತ್ತಿತ್ತು.

ಬೆಳಿಗ್ಗೆ ಹೊರಡುವಾಗ ಅಮ್ಮ ಕೇಳಿದಳು. "ಎಂತದರ ಬಗ್ಗೆ ಬರೆಯಲಿಕ್ಕೆ ಹೇಳಿದ್ದು ಅವರು?"

"ಅದು... ಬನ್ನಿನ ಬಗ್ಗೆ ಅಮ್ಮ."

"ಬನ್ಸಾ? ಬನ್ಸಿಗೆ ಮಣಿಪಾಲಕ್ಕೆ ಯಾಕೆ ಹೋಗುವುದು ಮಾರಾಯ್ತಿ! ಬಾಳೆಹಣ್ಣು ಕಪ್ಪಾಗುತ್ತದೆ ಅಂತ ನಿನ್ನೆಯೇ ಹಿಟ್ಟು ಕಲಸಿ ಇಟ್ಟಿದ್ದೇನೆ. ನಿಲ್ಲು." ಹತ್ತು ನಿಮಿಷದಲ್ಲಿ ಕಾದ ಎಣ್ಣೆಯಲ್ಲಿ ಗಲ್ಲ ಉಬ್ಬಿಸಿಕೊಂಡ ಆರು ಬನ್ಸ್ ಡಬ್ಬಿಯಲ್ಲಿ ಕೂತಿದ್ದವು. "ಅವರ ಬನ್ಸ್ ತಿಂದ ಮೇಲೆ ಇದನ್ನೂ ತಿಂದು ನೋಡಿ ಬರೆ, ಯಾರದ್ದು ಒಳ್ಳೆಯದು ಅಂತ. ಮತ್ತೆ ಸಂಕ್ರಮಣ ನೆನಪುಂಟಲ್ಲ? ಇವತ್ತೊಂದು ದಿನ. ನಾಳೆ ಬಂಗುಡೆ ಮೀನಿನ ಪುಳಿಮುಂಚಿ ಮಾಡಿ ಹಾಕುತ್ತೇನೆ."

ಬಸ್ಸು ಹತ್ತಿದರೆ ಕಂಡಕ್ಟರ್ ವಾಸು. ಪಕ್ಕದ ಮನೆಯವನು. ಕಾರ್ಕಳ ಉಡುಪಿ ನಡುವೆ ಅವನ ಬಸ್ಸು ಎಷ್ಟೇ ವೇಗವಾಗಿ ಓಡಲಿ, ಅವನು ಹೊತ್ತ ಸುದ್ದಿ ಅದಕ್ಕಿಂತ ಹತ್ತು ನಿಮಿಷ ಮೊದಲು ತಲುಪುತ್ತಿತ್ತು.

"ಎಲ್ಲಿಗೆ ಸವಾರಿ ಪ್ರಣೀತಾ?"

"ಮಣಿಪಾಲಕ್ಕೆ ವಾಸಣ್ಣ."

"ಎಂತ ಉಂಟು ಅಲ್ಲಿ?"

"ಸ್ವಲ್ಪ... ಬರೆಯಲಿಕ್ಕೆ ಉಂಟು."

"ಪರೀಕ್ಷೆಯಾ? ಇನ್ನೂ ಪಾಸಾಗಲಿಲ್ವಾ ನೀನು?" ಎಂದು ವಾಸು ಡ್ರೈವರಿಗೂ ಕೇಳುವಂತೆ ಕೇಳಿದ. ಇಡೀ ಬಸ್ಸು ತಿರುಗಿ ಪಾಪದ ಹುಡುಗಿಯನ್ನು ಕರುಣೆಯಿಂದ ನೋಡಿತು.

ದಾರಿಯುದ್ದಕ್ಕೂ ಪ್ರಣೀತಾ ಧರ್ಮಸೂಕ್ಷ್ಮ ವಿಚಾರ ಮಾಡಿದಳು. ಹರಕೆ ಇರುವುದು ಬಾಯಿಗೆ. ಕೈಗಿಲ್ಲ, ಕಣ್ಣಿಗಿಲ್ಲ, ಮೂಗಿಗಂತೂ ಇಲ್ಲವೇ ಇಲ್ಲ. ಎರಡೂ ಬರ್ಗರ್ ಕೊಂಡು, ಮುಟ್ಟಿ, ನೋಡಿ, ಮೂಸಿ ಬರೆದರೆ ಆಯಿತು. ದೇವರಿಗೂ ಜೋಕಿಮ್ ಸರ್‌ಗೂ ತಕರಾರು ಇರಲಾರದು.

ಬಿಗ್ ಬನ್ನಿನ ಒಳಗೆ ಎ.ಸಿ. ಚಳಿ, ಹುಡುಗರ ಗದ್ದಲ. ಗೋಡೆಯಲ್ಲಿ ಮಂಚದ ಗಾತ್ರದ ಬರ್ಗರಿನ ಚಿತ್ರ. ಸಾಲಿನಲ್ಲಿ ನಿಂತ ಪ್ರಣೀತಾಳ ಬೆನ್ನಿಗೇ ಮಲ್ಲಿಗೆಯ ವಾಸನೆ ಬಂತು. ಓರೆಗಣ್ಣಿನಲ್ಲಿ ನೋಡಿದರೆ ಕಾರ್ಕಳದ ಕಡೆಯ ಯಾವುದೋ ಮದುವೆಯಲ್ಲಿ ಕಂಡಂತಿದ್ದ ಹೆಂಗಸು. ಈ ಮಲ್ಲಿಗೆಯ ಮುಂದೆ ಸಂಕ್ರಮಣದ ದಿನ 'ಚಿಕನ್' ಎನ್ನುವುದೇ? ತನ್ನ ಸರದಿ ಬಂದಾಗ ಗೋಡೆಗೆ ಬೆರಳು ತೋರಿಸಿ "ಅದು ಒಂದು" ಎಂದಳು.

ಟೊಪ್ಪಿ ಹಾಕಿದ ಹುಡುಗ ಅವಳ ಹಣೆಯ ಕುಂಕುಮವನ್ನೊಮ್ಮೆ ನೋಡಿದ. "ತಿನ್ನುವುದಾ ಅಕ್ಕ?"

ಇಲ್ಲಿ ಕೂತು, ಇಷ್ಟು ಜನರ ಮುಂದೆ, ಬಾಯಿ ಅಗಲಿಸಿಕೊಂಡು! ಪ್ರಣೀತಾ ಕೈ ಅಲ್ಲಾಡಿಸಿದಳು. "ಇಲ್ಲ ಇಲ್ಲ, ತಿನ್ನುವುದಿಲ್ಲ. ಪಾರ್ಸೆಲ್."

"ಆಯ್ತು ಅಕ್ಕ" ಎಂದು ಅವನು ಗುಂಡಿ ಒತ್ತಿದ.

ಒಂದು ಯುದ್ಧ ಗೆದ್ದ ಧೈರ್ಯದಲ್ಲಿ ಅವಳು ರಸ್ತೆ ದಾಟಿ ಟಾಪ್ ಬೈಟ್ ಹೊಕ್ಕಳು. ಎದೆಯ ಮೇಲೆ 'ನಿಖಿತಾ' ಎಂದು ಬರೆದುಕೊಂಡಿದ್ದ ಹುಡುಗಿ ಬಾಯಿ ತೆರೆಯುವ ಮೊದಲೇ, ಅಲ್ಲಿಯ ಗೋಡೆಯ ಚಿತ್ರ ತೋರಿಸಿ, ದಾರಿಯಲ್ಲಿ ಉರು ಹೊಡೆದದ್ದನ್ನು ಒಂದೇ ಉಸಿರಿಗೆ ಒಪ್ಪಿಸಿದಳು. "ಆ ಚಿತ್ರದ್ದು ಒಂದು ಬರ್ಗರ್. ತಿನ್ನುವುದಿಲ್ಲ."

"ಗೊತ್ತಾಯಿತು ಅಕ್ಕ" ನಿಖಿತಾ ನಕ್ಕಳು. "ಇವತ್ತು ಬೆಳಗಿನಿಂದ ಎಲ್ಲರೂ ಹಾಗೆಯೇ ಹೇಳುವುದು."

ಮಣಿಪಾಲದವರು ಈಚೆಗೆ ಪಾರ್ಸೆಲ್ಲನ್ನೇ ಹೆಚ್ಚು ಇಷ್ಟಪಡುತ್ತಾರೆ ಎಂದು ಪ್ರಣೀತಾ ಡೈರಿಯಲ್ಲಿ ಗುರುತು ಹಾಕಿಕೊಂಡಳು. ಗುರುತಿಲ್ಲದವರೊಡನೆ ಒಂದೇ ದಿನ ಎರಡು ಸಂಭಾಷಣೆ! ಅದನ್ನೂ ಬರೆದುಕೊಂಡಳು.

ಬಸ್ ಸ್ಟಾಪಿನ ಪಕ್ಕ, ಮರದ ಬುಡದ ಕಟ್ಟೆಯ ಮೇಲೆ ಎರಡು ಪೆಟ್ಟಿಗೆ ತೆರೆದಿಟ್ಟು, ಕಳ್ಳಮಾಲಿನ ಫೋಟೋ ತೆಗೆಯುವವಳಂತೆ ಅತ್ತಿತ್ತ ನೋಡಿ ಪಟಪಟನೆ ನಾಲ್ಕು ಫೋಟೋ ತೆಗೆದಳು. ಆಮೇಲೆ ಮೂಸಿದಳು. ಬಿಗ್ ಬನ್ನಿನದು ಹೊಸ ಚಪ್ಪಲಿಯ ಪೆಟ್ಟಿಗೆಯ ವಾಸನೆ. ಟಾಪ್ ಬೈಟಿನದೂ ಚಪ್ಪಲಿ ಪೆಟ್ಟಿಗೆಯೇ, ಒಳಗೆ ಸ್ವಲ್ಪ ಮೆಣಸು. ಬರೆದು ಎಣಿಸಿದರೆ ಹದಿಮೂರು ಪದ. ಇನ್ನು ಮುನ್ನೂರ ಎಂಬತ್ತೇಳಕ್ಕೆ ಮೂಗು ಸಾಲದು, ನಾಲಗೆಯೇ ಬೇಕು. ಯಾರ ನಾಲಗೆ?

ಅದೇ ಕಟ್ಟೆಯ ಆಚೆ ಬದಿಯಲ್ಲಿ ಫುಟ್‌ಪಾತಿಗೆ ಕಲ್ಲು ಹಾಸುವ ಗಂಡ ಹೆಂಡತಿ ಬಿಡುವಿಗೆ ಕೂತಿದ್ದರು. ಬಾಗಲಕೋಟೆ ಕಡೆಯ ಮಲಕಪ್ಪ ಮತ್ತು ಯಮನವ್ವ. ಗಡಿಯಾರ ಒಂದು ಗಂಟೆ ತೋರಿಸುತ್ತಿತ್ತು. ಪ್ರಣೀತಾ ಎರಡು ಸಲ ಕೆಮ್ಮಿ, ಮೂರನೆಯ ಸಲಕ್ಕೆ ಬಾಯಿ ಬಿಟ್ಟಳು.

"ನೀವು... ತಿನ್ನುತ್ತೀರಾ?"

ಮಲಕಪ್ಪ ಕಣ್ಣು ಕಣ್ಣು ಬಿಟ್ಟ. "ತಿನ್ನಲಾರದ ಬದುಕೂದು ಹ್ಯಾಂಗ್ರೀ ಮೇಡಮ್ಮಾರ?"

ಘಟ್ಟದ ಮೇಲಿನವರಿಗೆ ಇದೊಂದನ್ನು ಬಿಡಿಸಿ ಹೇಳಬೇಕಾಗುತ್ತದೆ. ಕರಾವಳಿಯಲ್ಲಿ ಅನ್ನಕ್ಕೆ ಊಟ ಎನ್ನುತ್ತಾರೆ, ನಾಲ್ಕು ದೋಸೆ ತಿಂದರೂ 'ಚಾ ಕುಡಿದೆ' ಎನ್ನುತ್ತಾರೆ. ಹಿಂದೆ ಮುಂದೆ ಏನೂ ಇಲ್ಲದೆ ಬರೀ 'ತಿನ್ನುತ್ತೀರಾ' ಎಂದರೆ ಮೀನು, ಕೋಳಿ ತಿನ್ನುವವರೇ ಎಂದರ್ಥ. ಪ್ರಣೀತಾ ಕೆಂಪಾಗಿ ಅದನ್ನೇ ವಿವರಿಸಿದಳು.

"ಕೋಳಿ ಏನ್ರಿ? ಹಾಂಗ ಬಿಡಿಸಿ ಹೇಳ್ರಿ ಮತ್ತ!" ಮಲಕಪ್ಪ ಕೈ ತೊಳೆದುಕೊಂಡು ಬಂದ. "ನಾವು ಬ್ಯಾಡ ಅನ್ನಂಗಿಲ್ರಿ."

"ಯವ್ವಾ, ನೀ ಯಾಕ ತಿನ್ನವಲ್ಲಿ?" ಯಮನವ್ವನಿಗೆ ಅನುಮಾನ. "ಏನರ ಹಾಕ್ಯಾರೇನು ಇದರಾಗ?"

"ನನಗೆ ಹರಕೆ ಉಂಟು. ನೀವು ತಿಂದು ಹೇಗಿದೆ ಅಂತ ಹೇಳಿದರೆ ಸಾಕು."

ಹರಕೆ ಎಂದ ಮೇಲೆ ಯಮನವ್ವನ ಅನುಮಾನ ಹೋಯಿತು. ಬಿಗ್ ಬನ್ನಿನದನ್ನು ಎರಡು ಪಾಲು ಮಾಡಿದರು. ಪ್ರಣೀತಾ ಪೆನ್ನು ಹಿಡಿದು ಕೋರ್ಟಿನ ಗುಮಾಸ್ತೆಯಂತೆ ಕೂತಳು.

"ಭಾಳ ಮೆತ್ತಗ ಐತ್ರಿ" ಮಲಕಪ್ಪ ಹೇಳಿಕೆ ಕೊಟ್ಟ. "ಹಲ್ಲಿಗೆ ಕೆಲಸಾನ ಇಲ್ಲ. ನಮ್ಮೂರ ಕೋಳಿ ತಿನ್ನಾಕ ಮಧ್ಯಾಹ್ನ ಕುಂತ್ರ ಸಂಜಿ ಆಗತೈತಿ."

"ಎಲಬು ಎಲ್ಲಿ ಹೋತು ಇದರದು?" ಯಮನವ್ವ ಹುಡುಕಿದಳು.

"ಪ್ಯಾಟಿ ಕೋಳಿಗೆ ಎಲಬು ಇರಂಗಿಲ್ಲ ಬಿಡ. ಅಡ್ಡಾಡಿದ್ರ ಅಲ್ಲೇನು ಎಲಬು ಬರೂದು."

ಟಾಪ್ ಬೈಟಿನದಕ್ಕೆ ಬಾಯಿ ಹಾಕಿದ ಯಮನವ್ವ ಒಮ್ಮೆಲೇ ಅಗಿಯುವುದನ್ನು ನಿಲ್ಲಿಸಿ, ಬೆರಳಿನಲ್ಲಿ ಏನನ್ನೋ ಎತ್ತಿ ಹಿಡಿದಳು. "ಯವ್ವಾ, ಕೋಳ್ಯಾಗ ಬಟಾಣಿ ಬಂತು ನೋಡ!"

ಮಲಕಪ್ಪ ಅದನ್ನು ಬಿಸಿಲಿಗೆ ಹಿಡಿದು ಪರೀಕ್ಷಿಸಿದ. "ಕಾಳು ತಿಂದ ಕೋಳಿ ಇರಬೇಕು. ಅರಗೂಕ್ಕಿಂತ ಮೊದಲ ಕೊಯ್ದಾರ."

'ಹೊಸ ಪ್ರಯೋಗ: ಮಾಂಸದ ನಡುವೆ ಹಸಿರು ಬಟಾಣಿ' ಎಂದು ಪ್ರಣೀತಾ ಬರೆದುಕೊಂಡಳು. "ಎರಡರಲ್ಲಿ ಯಾವುದು ಒಳ್ಳೆಯದು?"

ಮಲಕಪ್ಪ ಎರಡನೆಯದು ಎಂದ, ಖಾರ ಇದೆಯಂತೆ. ಯಮನವ್ವ ಮೊದಲನೆಯದು ಎಂದಳು, ಉಂಡಂತೆ ಆಗುತ್ತದೆಯಂತೆ. "ನಿಮಗ ಖಾರ ಬಿಟ್ರ ಬ್ಯಾರೆ ಏನ್ ತಿಳೀತೈತಿ?" ಎಂದಳು. "ನಿನಗ ಹೊಟ್ಟಿ ಬಿಟ್ರ ಬ್ಯಾರೆ ಏನ್ ಐತಿ?" ಎಂದ. ಎರಡು ಕಂಪೆನಿಗಳ ಜಗಳ ಅಚ್ಚುಕಟ್ಟಾಗಿ ಒಂದು ಸಂಸಾರಕ್ಕೆ ಇಳಿಯಿತು. ಅದನ್ನು ನಿಲ್ಲಿಸಲು ಪ್ರಣೀತಾಳಿಗೆ ತೋಚಿದ್ದು ಒಂದೇ, ಅಮ್ಮನ ಡಬ್ಬಿ ಮುಂದೆ ಹಿಡಿದಳು. ಒಂದೊಂದು ತೆಗೆದುಕೊಳ್ಳುತ್ತಾರೆಂದು ಅವಳ ಲೆಕ್ಕ. ಆರೂ ಹೋದವು.

"ಇದ್ಯಾವ ಅಂಗಡೀದ್ರಿ?" ಮಲಕಪ್ಪ ಬೆರಳು ನೆಕ್ಕಿದ. "ಇದ ಫಸ್ಟ್ ಬರಕೋರಿ. ಉಳಿದವು ಎರಡೂ ಫೇಲ್."

ಗಂಡ ಹೆಂಡತಿ ಒಪ್ಪಿದ್ದು ಅದೊಂದನ್ನೇ. ಅದನ್ನು ಬರೆಯುವ ಹಾಗಿರಲಿಲ್ಲ. ಹಸಿವಾಗುತ್ತಿದೆ ಎಂದು ಹೇಳುವ ಹಾಗೂ ಇರಲಿಲ್ಲ.

ಖಾಲಿ ಪೆಟ್ಟಿಗೆಗಳನ್ನು ಎತ್ತಿಕೊಂಡು ಅವಳು ಎದ್ದು ನಿಲ್ಲುವುದಕ್ಕೂ ಉಡುಪಿಯಿಂದ ಬಂದ ಬಸ್ಸೊಂದು ಎದುರಿಗೆ ನಿಲ್ಲುವುದಕ್ಕೂ ಸರಿಹೋಯಿತು. ಫುಟ್‌ಬೋರ್ಡಿನಲ್ಲಿ ವಾಸು. ಅವನ ಕಣ್ಣು ಪೆಟ್ಟಿಗೆಯ ಮೇಲೆ, ಆಮೇಲೆ ಬಾಯಿ ಒರೆಸುತ್ತಿದ್ದ ಮಲಕಪ್ಪನ ಮೇಲೆ, ಆಮೇಲೆ ಮತ್ತೆ ಪೆಟ್ಟಿಗೆಯ ಮೇಲೆ ಹೋಯಿತು.

"ಓಯ್ ಪ್ರಣೀತಾ! ಸಂಕ್ರಮಣ ಅಲ್ವಾ ಇವತ್ತು?"

ಅವಳು ಪೆಟ್ಟಿಗೆಗಳನ್ನು ಬೆನ್ನ ಹಿಂದೆ ಅಡಗಿಸುವುದರೊಳಗೆ ವಾಸು ಸೀಟಿ ಊದಿದ, ಬಸ್ಸು ಹೋಯಿತು. ಐದು ನಿಮಿಷಕ್ಕೆ ಅಮ್ಮನ ಫೋನ್ ಬಂತು.

"ನೀನು ತಿಂದೆಯಾ?"

"ಇಲ್ಲಮ್ಮಾ! ತಿಂದದ್ದು ಮಲಕಪ್ಪ."

"ಯಾರದು ಮಲಕಪ್ಪ? ಹಾಗಾದರೆ ವಾಸು ಹೇಳಿದ್ದು ಸರಿಯೇ, ಯಾರೋ ಗಂಡಸಿನ ಜೊತೆ ಕೂತು ಕೋಳಿ ತಿನ್ನುತ್ತಾ ಇದ್ದಾಳೆ ಅಂತ!"

"ಅವರ ಹೆಂಡತಿಯೂ ಇದ್ದರು ಅಮ್ಮ."

"ಹೆಂಡತಿ ಬೇರೆ ಉಂಟಾ ಅವನಿಗೆ!" ಫೋನ್ ಕಟ್ಟಾಯಿತು.

ಇನ್ನು ಮನೆಗೆ ಹೋದರೆ ಉಳಿಗಾಲವಿಲ್ಲ, ಆದರೆ ಕೆಲಸ ಹಿಡಿದುಕೊಂಡು ಹೋದರೆ ಸ್ವಲ್ಪ ಬೈಗುಳ ಕಡಿಮೆಯಾದೀತು. ಅದೇ ಕಟ್ಟೆಯಲ್ಲಿ ಕೂತು, ಹಸಿದ ಹೊಟ್ಟೆಯ ಸಮಸ್ತ ಆಸೆಯನ್ನೂ ಸುರಿದು ಪ್ರಣೀತಾ ನಾನೂರು ಪದ ಬರೆದಳು. ಮೂರಕ್ಕೆ ಐದು ನಿಮಿಷವಿರುವಾಗ ಜೋಕಿಮ್ ಸರ್ ಅದನ್ನು ಗಟ್ಟಿಯಾಗಿ ಓದುತ್ತಿದ್ದರು.

"'ಹಲ್ಲಿಗೆ ಕೆಲಸವನ್ನೇ ಕೊಡದ ಈ ಕೋಳಿ ಬದುಕಿನಲ್ಲಿ ಹೆಚ್ಚು ನಡೆದಾಡಿದಂತಿಲ್ಲ.' ಎಂತ ಸಾಲು! 'ಟಾಪ್ ಬೈಟಿನ ಮಾಂಸದ ನಡುವೆ ಸಿಗುವ ಹಸಿರು ಬಟಾಣಿ, ಕೋಳಿಯ ಕೊನೆಯ ಊಟದ ನೆನಪಿನಂತಿದೆ.'" ಅವರು ಕನ್ನಡಕ ತೆಗೆದರು. "ನಾನು ಇಷ್ಟು ವರ್ಷದಿಂದ ತಿನ್ನುತ್ತಾ ಇದ್ದೇನೆ, ಇಂಥ ನಾಲಗೆ ಕಂಡಿಲ್ಲ ಮಾರಾಯ್ರೆ. ನೀವೇ ತಿಂದು ಬರೆದದ್ದು, ಅಲ್ವಾ?"

ಇಲ್ಲ ಎನ್ನಬೇಕಾದರೆ ಹರಕೆ, ಮಲಕಪ್ಪ, ಯಮನವ್ವ ಎಲ್ಲವನ್ನೂ ಹೇಳಬೇಕು. ಹೌದು ಎನ್ನಲು ತಲೆಯಾಡಿಸಿದರೆ ಸಾಕು. ಪ್ರಣೀತಾ ಮಾತು ಕಡಿಮೆ ಬೇಕಾದದ್ದನ್ನು ಆರಿಸಿಕೊಂಡಳು.

ಸರ್ ಅಲ್ಲಿಯೇ, ಆಗಲೇ, 'ಬಟಾಣಿ ನುಂಗಿದ ಕೋಳಿ' ಎಂದು ತಲೆಬರಹ ಕೊಟ್ಟು, ಅವಳ ಹೆಸರು ಹಾಕಿ, ಫೋಟೋ ಸಮೇತ ಲೇಖನ ಪ್ರಕಟಿಸಿದರು. ಅವಳ ಎದುರಿಗೇ ಹೂಡೆಗೆ ಫೋನ್ ಮಾಡಿ, "ಚೈತಾಲಿ, ನೀವಿನ್ನು ಕಾಯುವುದು ಬೇಡ" ಎಂದರು.

ವಾಪಸು ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತ ಪ್ರಣೀತಾಳಿಗೆ ಪರ್ಕಳದ ತಿರುವುಗಳೂ ನೆಟ್ಟಗೆ ಕಂಡವು. ಮೊಬೈಲಿನಲ್ಲಿ ಲೇಖನ ತೆರೆದು ತನ್ನ ಹೆಸರನ್ನು ನಾಲ್ಕು ಸಲ ಓದಿದಳು. ಐದನೆಯ ಸಲ ಓದುವಾಗ ಕೆಳಗೆ ಪ್ರತಿಕ್ರಿಯೆಗಳು ಬರತೊಡಗಿದವು.

'ಫೋಟೋ ದೊಡ್ಡದು ಮಾಡಿ ನೋಡಿ. ಎರಡೂ ಪೆಟ್ಟಿಗೆಯ ಮೇಲೆ ಹಸಿರು ಚುಕ್ಕೆ ಉಂಟು. ಸಸ್ಯಾಹಾರ!'

'ಬಹುಶಃ ಕೋಳಿ ಸಸ್ಯಾಹಾರಿ ಇರಬೇಕು.'

'ಆಲೂಗಡ್ಡೆ ನಡೆದಾಡುವುದಿಲ್ಲ ಮೇಡಂ, ಅದಕ್ಕೇ ಮೆತ್ತಗೆ.'

ಪ್ರಣೀತಾ ಫೋಟೋ ಹಿಗ್ಗಿಸಿದಳು. ಎರಡು ಹಸಿರು ಚುಕ್ಕೆಗಳು ಎರಡು ಬಟಾಣಿಗಳಂತೆ ಅವಳನ್ನೇ ನೋಡುತ್ತಿದ್ದವು. ಆಗ ಜೋಕಿಮ್ ಸರ್ ಫೋನ್.

"ಪ್ರಣೀತಾ, ನೀವು ತಿಂದದ್ದು ಕೋಳಿಯಾ, ಬಟಾಟೆಯಾ?"

"ಸರ್, ನಾನು... ತಿನ್ನಲಿಲ್ಲ ಸರ್."

"ಚೈತಾಲಿಯ ನಂಬರ್ ಎಲ್ಲಿಟ್ಟೆ ಮಾರಾಯ್ರೆ" ಎಂದು ಅವರು ಯಾರಿಗೋ ಹೇಳುವುದು ಕೇಳಿಸಿ ಫೋನ್ ನಿಂತಿತು.

ಹಿರಿಯಡ್ಕ ದಾಟುವಾಗ ಅವಳ ತಲೆಯೊಳಗೆ ಟೊಪ್ಪಿಯ ಹುಡುಗ ಮತ್ತೆ ಕೇಳಿದ: 'ತಿನ್ನುವುದಾ ಅಕ್ಕ?' ಸಂಕ್ರಮಣದ ದಿನ ಹಣೆಯಲ್ಲಿ ಕುಂಕುಮ ಇಟ್ಟುಕೊಂಡು ಬಂದ ಹೆಂಗಸಿನ ಹತ್ತಿರ ಉಡುಪಿಯ ಹುಡುಗ ಇನ್ನೇನು ಕೇಳುತ್ತಾನೆ! ತಿನ್ನುವುದಿಲ್ಲ ಎಂದಳು, ಸಸ್ಯಾಹಾರದ್ದು ಕೊಟ್ಟ. ಎರಡನೆಯ ಅಂಗಡಿಯಲ್ಲಂತೂ ಕೇಳುವ ಮೊದಲೇ ಹೇಳಿದ್ದಳು. ಆ ಮಾತಿನ ಅರ್ಥವನ್ನು ಬಾಗಲಕೋಟೆಯವರಿಗೆ ಪಾಠ ಮಾಡಿದವಳೂ ಅವಳೇ. ಎರಡೂ ಬರ್ಗರನ್ನು ಹರಕೆಗೆ ಒಂದಿಷ್ಟೂ ಧಕ್ಕೆಯಿಲ್ಲದೆ ಹೊಟ್ಟೆ ತುಂಬ ತಿಂದು, ಇದು ಕೋಳಿಯಲ್ಲ ಎಂದು ಒಂದೇ ತುತ್ತಿಗೆ ತಿಳಿದು, ಕೋಳಿಯದ್ದನ್ನು ಬೇರೆ ಕೊಂಡು ತರಬಹುದಿತ್ತು.

ಮನೆಯಂಗಳದಲ್ಲಿ ಅಮ್ಮ ನಿಂತಿದ್ದಳು. ಸಾಕ್ಷಿ ಹೇಳಲು ವಾಸುವೂ ಇದ್ದ. ಪ್ರಣೀತಾ ಮೊಬೈಲ್ ಮುಂದೆ ಹಿಡಿದಳು. ವಾಸು ಅದನ್ನು ಹಿಗ್ಗಿಸಿ, ಓರೆ ಮಾಡಿ, ನೋಟು ಪರೀಕ್ಷಿಸಿದಂತೆ ನೋಡಿದ.

"ಹೌದು ಸುಗಂಧಿಯಕ್ಕ. ಹಸಿರೇ."

"ಹರಕೆ ಉಳಿಯಿತು!" ಅಮ್ಮ ಎರಡೂ ಕೈ ಮುಗಿದಳು. "ಆ ಮಲಕಪ್ಪನ ವಿಷಯ ಆಮೇಲೆ ಮಾತಾಡುವ."

"ಕೆಲಸ ಹೋಯಿತಮ್ಮ."

"ಐದೂ ಸಂಕ್ರಮಣ ಸಂದ ಮೇಲೆ ಎಲ್ಲಿಗೆ ಹೋಗುತ್ತದೆ? ಮನೆ ಹುಡುಕಿಕೊಂಡು ಬರುತ್ತದೆ ನೋಡು."

ಅಷ್ಟರಲ್ಲಿ ಫೋನ್ ರಿಂಗಾಯಿತು. ಕಾಪುವಿನಿಂದ ಸುಕೇಶ್ ಮಾವ.

"ಪ್ರಣೀತಾ! ನಿನ್ನ ಲೇಖನ ನನಗೆ ಹದಿನೇಳು ಜನ ಕಳಿಸಿದರು. ಬರ್ಗರಿನಲ್ಲಿ ನೀನು ಇಷ್ಟು ಮುಂದೆ ಇದ್ದೀ ಅಂತ ನಮಗೆ ಗೊತ್ತೇ ಇರಲಿಲ್ಲ!"

"ಮಾವ, ಅದು ತಪ್ಪಾಗಿ..."

"ತಪ್ಪಾದರೆ ಎಂತ, ಹೆಸರು ಬಂತಲ್ಲ! ಕೇಳು, ಬಳೆ ಕ್ಲಿಪ್ಪು ಎಲ್ಲ ತೆಗೆದಾಯಿತು. ಬಿಗ್ ಬನ್ನಿನವರ ಬ್ರಾಂಚ್ ನಮ್ಮ ಅಂಗಡಿಯಲ್ಲಿ. ಬೋರ್ಡು ಬಂತು, ಸೋಮವಾರ ಓಪನಿಂಗ್. ಕೌಂಟರಿಗೆ ನೀನೇ."

ಸುಗಂಧಿ ಆಗಲೇ ದೇವರಿಗೆ ದೀಪ ಹಚ್ಚಲು ಒಳಗೆ ಓಡಿದ್ದಳು. ಈ ಸುದ್ದಿ ತನ್ನಿಂದಲೇ ಹೊರಡಬೇಕೆಂದು ವಾಸು ಗೇಟು ದಾಟಿದ್ದ.

"ನನಗೆ ಗುರುತಿಲ್ಲದವರ ಹತ್ತಿರ ಮಾತಾಡಲಿಕ್ಕೆ ಆಗುವುದಿಲ್ಲ ಮಾವ" ಎಂದಳು ಪ್ರಣೀತಾ, ಅಳು ನುಂಗಿಕೊಂಡು. ಬೆಳಗಿನಿಂದ ಅವಳು ನುಂಗಿದ್ದು ಅದೊಂದೇ.

"ಮಾತು ಎಂತ ಉಂಟು ಅದರಲ್ಲಿ? ಟೊಪ್ಪಿ ಹಾಕಿಕೊಂಡು ನಿಂತರಾಯಿತು. ಬಂದವರಿಗೆಲ್ಲ ಒಂದೇ ಪ್ರಶ್ನೆ."

"ಎಂತ ಕೇಳುವುದು?"

"ತಿನ್ನುವುದಾ, ಅಂತ."